ಗೆದ್ದಲು ಬಿಟ್ಟ ಚೇಗು

ಗಂಧದ ಮರವನ್ನು ಬುಡಸಮೇತ ಕೆಡವಿ, ತೊಗಟೆ ಸುಲಿದು, ತುಂಡು ಮಾಡಿ ಒಣನೆಲದಲ್ಲಿ ಹೂತಿಡುತ್ತಿದ್ದರಂತೆ. ಎರಡು ತಿಂಗಳು ಬಿಟ್ಟು ಅಗೆದರೆ ಹೊರಗಿನ ಬಿಳಿ ಮರವೆಲ್ಲ ಗೆದ್ದಲಿನ ಪಾಲಾಗಿರುತ್ತಿತ್ತು. ಒಳಗಿನ ಚೇಗಿಗೆ ಮಾತ್ರ ಒಂದು ಗಾಯವೂ ಇರುತ್ತಿರಲಿಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ಗಂಧದ ವ್ಯಾಪಾರವನ್ನು ಕಂಡ ಪರಂಗಿಯವರು ಈ ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಬಾಚಿ ಹಿಡಿದು ಕೆತ್ತುವ ಕೂಲಿಯನ್ನು ಉಳಿಸಲು ಯಾರೋ ಜಾಣರು ಕಂಡುಕೊಂಡ ಉಪಾಯ ಅದು.

ಇವತ್ತಿನ ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪಕ್ಕಾ ಜೈವಿಕ ಪರೀಕ್ಷೆ. ಮರ ಒಂದೇ, ಮಣ್ಣು ಒಂದೇ, ಹುಳವೂ ಒಂದೇ. ಎಣ್ಣೆ ಇಲ್ಲದ ಭಾಗವನ್ನು ತಿಂದವು, ಎಣ್ಣೆ ಇದ್ದ ಭಾಗವನ್ನು ಬಿಟ್ಟವು. ಹೋಲಿಸಿ ನೋಡಲು ಬೇಕಾದ್ದೆಲ್ಲ ಒಂದೇ ತುಂಡಿನಲ್ಲಿದೆ. ಸಸ್ಯಗಳ ಸುಗಂಧ ತೈಲಕ್ಕೆ ಜೀವಿಗಳ ಮೇಲೆ ಏನು ಪರಿಣಾಮ ಎಂದು ಜಗತ್ತಿನಲ್ಲಿ ವರ್ಷವರ್ಷವೂ ರಾಶಿ ರಾಶಿ ಪ್ರಬಂಧಗಳು ಬರುತ್ತವೆ. ಅವುಗಳಲ್ಲಿ ಹಲವಕ್ಕೆ ಈ ಗೆದ್ದಲಿನಷ್ಟು ಶಿಸ್ತಿಲ್ಲ.

ಗಂಧದೆಣ್ಣೆಯ ವಿಜ್ಞಾನ ಎಂದರೆ ನಮಗೆ ಮೈಸೂರಿನ ಕಾರ್ಖಾನೆಯ ಚಿಮಣಿ ನೆನಪಾಗುತ್ತದೆ, ಸಾಬೂನಿನ ಹಸಿರು-ಕೆಂಪು ಡಬ್ಬಿ ನೆನಪಾಗುತ್ತದೆ. ಆದರೆ ಈ ವಿಜ್ಞಾನದ ಒಂದು ದೊಡ್ಡ ಅಧ್ಯಾಯ ನಡೆದದ್ದು ಗಡಿಯ ಆಚೆ, ಹಳೆಯ ಸೇಲಂ ಜಿಲ್ಲೆಯ ಕಾಡುಗಳಲ್ಲಿ. ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ಬಸ್ಸು ಹತ್ತಿದರೆ ಬೋರ್ಡು ತಮಿಳು, ಟಿಕೇಟು ತಮಿಳು, ಹಿಂದಿನ ಸೀಟಿನ ಜಗಳ ಮಾತ್ರ ಕನ್ನಡದಲ್ಲೋ ತೆಲುಗಿನಲ್ಲೋ ಇರುತ್ತದೆ. ಧರ್ಮಪುರಿಯಲ್ಲಿ ಒಂಬತ್ತನೇ ಶತಮಾನದ ನೊಳಂಬರ ಕಾಲದ ಕನ್ನಡ ಶಾಸನವಿದೆ. ಸೇಲಂ ಪೇಟೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಜಿಲ್ಲೆಯ ಗೆರೆಗಳಂತೂ ಎಷ್ಟು ಸಲ ಅಳಿಸಿ ಬರೆದದ್ದೋ! 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಆಯಿತು. 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಆಯಿತು. ಡೆಂಕಣಿಕೋಟೆ ಕಾಡಿನ ಗಂಧದ ಮರ ನಿಂತಲ್ಲೇ ನಿಂತು ಮೂರು ಜಿಲ್ಲೆ ಕಂಡಿತು.

ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದು 1792ರಲ್ಲಿ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್, ಅಂದರೆ ಇಂದಿನ ಧರ್ಮಪುರಿ-ಕೃಷ್ಣಗಿರಿ ಸೀಮೆ, ಅವನ ಕೈತಪ್ಪಿ ಕಂಪನಿಗೆ ಹೋದದ್ದೂ ಅದೇ ವರ್ಷ. ಹೊಸೂರಿನ ಕಡೆಯ ಮೇಲುಸೀಮೆ 1799ರಲ್ಲಿ ಅದನ್ನು ಹಿಂಬಾಲಿಸಿತು. ರಾಜ ಹೋದ, ರಾಜವೃಕ್ಷ ಎಂಬ ಕಟ್ಟಳೆ ಹೋಗಲಿಲ್ಲ. ಯಾರ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು ಎಂಬ ನಿಯಮವನ್ನು ಮೈಸೂರು ಉಳಿಸಿಕೊಂಡಿತು, ಮದ್ರಾಸು ತನ್ನ ರೀತಿಯಲ್ಲಿ ಬಿಗಿಮಾಡಿಕೊಂಡಿತು.

ಚೇಗಿನೊಳಗೆ ಇರುವುದಾದರೂ ಏನು? ಮುಖ್ಯವಾಗಿ ಎರಡು ವಸ್ತು: ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್. ಒಳ್ಳೆಯ ಗಂಧದೆಣ್ಣೆಯಲ್ಲಿ ಮೊದಲನೆಯದು ಶೇಕಡಾ 41ರಿಂದ 55, ಎರಡನೆಯದು 16ರಿಂದ 24 ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ತಮಾಷೆಯೆಂದರೆ ಪ್ರಮಾಣದಲ್ಲಿ ಹೆಚ್ಚಿರುವ ಆಲ್ಫಾಕ್ಕೆ ವಾಸನೆ ಕಡಿಮೆ. ನಾವು ಕಣ್ಣು ಮುಚ್ಚಿ ‘ಆಹಾ, ಗಂಧ’ ಎನ್ನುವುದು ಹೆಚ್ಚಾಗಿ ಬೀಟಾದ ಪ್ರತಾಪ. ಎರಡೂ ಹದಿನೈದು ಇಂಗಾಲದ ಪರಮಾಣುಗಳ ಭಾರದ ಅಣುಗಳು. ನಿಂಬೆಸಿಪ್ಪೆಯ ವಾಸನೆ ಕೊಡುವ ಅಣುವಿನಲ್ಲಿ ಇರುವುದು ಹತ್ತೇ. ಹಾಗಾಗಿ ಅದು ಸುಲಿದ ಕ್ಷಣ ಹಾರಿಹೋಗುತ್ತದೆ. ಬೆಳಿಗ್ಗೆ ಹಣೆಗೆ ಹಚ್ಚಿದ ಗಂಧ ಮಧ್ಯಾಹ್ನದವರೆಗೆ ಉಳಿಯುವುದು, ಅಜ್ಜಿಯ ಪೆಟ್ಟಿಗೆಯ ಗಂಧದ ಚಕ್ಕೆ ಮೊಮ್ಮಗಳ ಕಾಲಕ್ಕೂ ಘಮ್ಮೆನ್ನುವುದು ಆ ಭಾರದಿಂದ. ಭಟ್ಟಿ ಇಳಿಸುವವರಿಗೆ ತ್ರಾಸವೂ ಅದೇ. ಮರವನ್ನು ಪುಡಿ ಮಾಡಿ ಹಬೆ ಹಾಯಿಸಿದರೆ ಎಣ್ಣೆ ಗಂಟೆಯೊಳಗೆ ಬರುವುದಿಲ್ಲ, ದಿನಗಟ್ಟಲೆ ಕಾಯಬೇಕು. ಅಷ್ಟು ಕಾದರೂ ನೂರು ಕಿಲೋ ಚೇಗಿಗೆ ಸಿಗುವುದು ನಾಲ್ಕಾರು ಕಿಲೋ. ಎಲ್ಲಕ್ಕಿಂತ ಹೆಚ್ಚು ಎಣ್ಣೆ ಇರುವುದು ಬೇರಿನಲ್ಲಿ. ಗಂಧದ ಮರವನ್ನು ಕಡಿಯದೆ ಬುಡಸಮೇತ ಕೀಳುವುದು ಅದಕ್ಕಾಗಿ.

ಮರ ಈ ಎಣ್ಣೆಯನ್ನು ನಮ್ಮ ಪೂಜೆಗೆಂದು ಮಾಡಿಕೊಂಡದ್ದಲ್ಲ. ಚೇಗು ಎಂದರೆ ಮರದ ಸತ್ತ ಒಡಲು, ನೀರು ಸಾಗಿಸುವ ಕೆಲಸ ಮುಗಿಸಿ ಬರಿಯ ಕಂಬವಾಗಿ ನಿಂತ ಭಾಗ. ಅದನ್ನು ಶಿಲೀಂಧ್ರ, ಹುಳಗಳಿಂದ ಕಾಪಾಡುವ ಸಾಧನ ಎಣ್ಣೆ. ಗಿಡ ನೆಟ್ಟ ಹತ್ತು ವರ್ಷದವರೆಗೆ ಚೇಗು ಮೂಡುವುದೇ ಅಪರೂಪ. ಚೆನ್ನಾಗಿ ಕೂಡಿಕೊಳ್ಳಲು ಮೂವತ್ತು ವರ್ಷವಾದರೂ ಬೇಕು.

ಇನ್ನು ಮನುಷ್ಯ ಮಾಡಿದ ಪರೀಕ್ಷೆಗಳಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಔಷಧದಂಗಡಿಗಳಲ್ಲಿ ಗಂಧದೆಣ್ಣೆಯ ಗುಳಿಗೆಗೆ ಭಾರೀ ಗಿರಾಕಿಯಿತ್ತು. ಪ್ಯಾರಿಸ್ಸಿನ ‘ಸಾಂತಾಲ್ ಮಿದಿ’ ಎಂಬ ಗುಳಿಗೆ ಲೋಕಪ್ರಸಿದ್ಧ. ಕಾಯಿಲೆ ಯಾವುದು ಎಂದು ಜಾಹೀರಾತುಗಳು ನಾಚಿಕೊಂಡು ಹೇಳುತ್ತಿದ್ದವು: ಮೇಹರೋಗ, ಅಂದರೆ ಗೊನೋರಿಯಾ. ಎಣ್ಣೆ ಹೊಟ್ಟೆಗೆ ಹೋಗಿ ಮೂತ್ರದ ದಾರಿಯಲ್ಲಿ ಹೊರಬರುವಾಗ ಅಲ್ಲಿನ ಸೋಂಕನ್ನು ತೊಳೆಯುತ್ತದೆ ಎಂಬುದು ಲೆಕ್ಕಾಚಾರ. ಉರಿ ಕಡಿಮೆಯಾಗುತ್ತಿತ್ತು ಎನ್ನುವುದಕ್ಕೆ ರೋಗಿಗಳ ಸಾಕ್ಷಿ ಸಾಕಷ್ಟಿದೆ. ಸೋಂಕು ಹೋಗುತ್ತಿತ್ತೇ ಎಂಬುದು ಬೇರೆ ಮಾತು. ಅಂತೂ ಬ್ರಿಟಿಷ್ ಔಷಧಕೋಶದಲ್ಲಿ ಗಂಧದೆಣ್ಣೆಗೆ ಜಾಗ ಸಿಕ್ಕಿತು. ನಮ್ಮ ಹಳ್ಳಿಯ ದೇವರ ಗುಡಿಯಲ್ಲಿ ತೇಯುತ್ತಿದ್ದ ಕೊರಡು ಅಲ್ಲಿ ಸಿಪಾಯಿಗಳ ಗುಟ್ಟಿನ ಔಷಧಿ!

ಆ ಎಣ್ಣೆ ಇಳಿಸುತ್ತಿದ್ದದ್ದು ಇಲ್ಲಲ್ಲ, ಹೆಚ್ಚಾಗಿ ಜರ್ಮನಿಯಲ್ಲಿ. ಮರ ಇಲ್ಲಿ ಹರಾಜಾಗಿ ಹಡಗು ಹತ್ತುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತಾಗ ಮೈಸೂರಿನ ಕೊರಡುಗಳು ಕೊಳ್ಳುವವರಿಲ್ಲದೆ ಬಿದ್ದವು. ಮುಂದಿನದು ನಮ್ಮವರಿಗೆ ಬಾಯಿಪಾಠ. ದಿವಾನ್ ವಿಶ್ವೇಶ್ವರಯ್ಯ, ಕೈಗಾರಿಕೆಯ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸಿ ತೋರಿಸಿದ ಸಡ್‌ಬರೋ ಮತ್ತು ವಾಟ್ಸನ್, 1916ರಲ್ಲಿ ಬೆಂಗಳೂರಿನಲ್ಲಿ ಭಟ್ಟಿ, ಆಮೇಲೆ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ. 

ಬಾಯಿಪಾಠದಲ್ಲಿ ಬಿಟ್ಟುಹೋಗುವ ಒಂದು ಸಾಲು ಇದೆ. ಚಾಟರ್ಟನ್ ಮೈಸೂರಿಗೆ ಬರುವ ಮೊದಲು ಮದ್ರಾಸಿನಲ್ಲಿದ್ದವರು. ಸೇಲಂನಲ್ಲಿ ಸರ್ಕಾರದ ವತಿಯಿಂದ ಕೈಮಗ್ಗದ ಪ್ರಾಯೋಗಿಕ ಕಾರ್ಖಾನೆ ನಡೆಸಿದವರು. ಸರ್ಕಾರ ವ್ಯಾಪಾರಕ್ಕೆ ಇಳಿಯುವುದು ತಪ್ಪು ಎಂದು ಬಿಳಿಯ ವರ್ತಕರು ಗಲಾಟೆ ಮಾಡಿದರು. 1910ರಲ್ಲಿ ಲಂಡನ್ನಿನಿಂದ ಲಾರ್ಡ್ ಮಾರ್ಲಿ ಕಾಗದ ಬರೆದು ಮದ್ರಾಸಿನ ಅಂಥ ಪ್ರಯತ್ನಗಳಿಗೆ ತೆರೆ ಎಳೆದ. ಸೇಲಂನಲ್ಲಿ ಮಾಡಲು ಬಿಡದ ಕೆಲಸವನ್ನು ಚಾಟರ್ಟನ್ ಮೈಸೂರಿನಲ್ಲಿ ಗಂಧದೆಣ್ಣೆಯಲ್ಲಿ ಮಾಡಿದರು. ಸಂಸ್ಥಾನದಲ್ಲಿ ಅದಕ್ಕೆ ಅಡ್ಡಿ ಮಾಡುವ ಮಾರ್ಲಿ ಇರಲಿಲ್ಲ. ಸೇಲಂ ಕಾಡಿನ ಗಂಧ ಮಾತ್ರ ಆಮೇಲೂ ಕೊರಡಾಗಿ ಹರಾಜಾಗುತ್ತಲೇ ಇತ್ತು.

ಗುಳಿಗೆಯ ಕಥೆ ಬೇಗ ಮುಗಿಯಿತು. 1930ರ ದಶಕದ ಕೊನೆಗೆ ಸಲ್ಫಾ ಬಂತು, ನಲವತ್ತರ ದಶಕದಲ್ಲಿ ಪೆನಿಸಿಲಿನ್ ಬಂತು. ಎಪ್ಪತ್ತೆಂಬತ್ತು ವರ್ಷ ಮೆರೆದ ಔಷಧಿ ಅಂಗಡಿಯ ಕಪಾಟಿನಿಂದ ಸದ್ದಿಲ್ಲದೆ ಇಳಿದುಹೋಯಿತು. ಗಂಧದೆಣ್ಣೆ ಸಾಬೂನು, ಅತ್ತರುಗಳ ಪಾಲಿಗೆ ಉಳಿಯಿತು.

ಅಷ್ಟರಲ್ಲಿ ಮರಕ್ಕೇ ಕಾಯಿಲೆ ಬಿದ್ದಿತ್ತು. 1899ರಲ್ಲಿ ಕೊಡಗಿನಲ್ಲಿ ಮೆಕಾರ್ತಿ ಎಂಬ ಅಧಿಕಾರಿ ಮೊದಲ ಬಾರಿ ವರದಿ ಮಾಡಿದ ಸ್ಪೈಕ್ ರೋಗ ಅದು. ರೋಗ ತಗುಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತವೆ, ಗಿಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ಕೊನೆಗೆ ಜೋತುಬೀಳಬೇಕಾದ ರೆಂಬೆಗಳು ಮುಳ್ಳಿನ ಕದಿರಿನಂತೆ ಸೆಟೆದು ನಿಲ್ಲುತ್ತವೆ. ಹೂ ಇಲ್ಲ, ಹಣ್ಣಿಲ್ಲ. ಎರಡು ಮೂರು ವರ್ಷಕ್ಕೆ ಮರ ಒಣಗುತ್ತದೆ. ಮೈಸೂರು, ಕೊಡಗುಗಳಲ್ಲಿ 1903ರಿಂದ 1916ರವರೆಗೆ ಸತ್ತ ಮರಗಳ ಲೆಕ್ಕ ಹತ್ತು ಲಕ್ಷದ ಆಸುಪಾಸು. ಸೇಲಂ ಜಿಲ್ಲೆಗೆ ರೋಗ ಕಾಲಿಟ್ಟ ಮೇಲೆ 1917ರಿಂದ 1925ರೊಳಗೆ ಅಲ್ಲಿಯೂ ಲಕ್ಷದ ಹತ್ತಿರ ಮರ ಹೋದವು. ಕಾರಣ ಕಂಡುಹಿಡಿದವರಿಗೆ ಹತ್ತು ಸಾವಿರ ರೂಪಾಯಿ ಇನಾಮು ಎಂದು ಮೈಸೂರು ಸರ್ಕಾರ ಸಾರಿತು. ಆ ಕಾಲದ ಹತ್ತು ಸಾವಿರ!

ಇನಾಮಿಗೆ ತಕ್ಕಂತೆ ವಾದಗಳೂ ಬಂದವು. ಒಬ್ಬರು ಕಾಡ್ಗಿಚ್ಚು ಎಂದರು, ಒಬ್ಬರು ಲಂಟಾನದ ಹಾವಳಿ ಎಂದರು, ಮತ್ತೊಬ್ಬರು ಮರದ ರಸದ ಸಮತೋಲ ತಪ್ಪಿದೆ ಎಂದರು. ಕೊನೆಯ ವಾದಕ್ಕೆ ಸ್ವಲ್ಪ ಆಧಾರವಿತ್ತು. ಗಂಧದ ಮರ ಸ್ವಂತ ದುಡಿಮೆಯ ಜೊತೆಗೆ ನೆರೆಮನೆಯ ಅಡುಗೆಯನ್ನೂ ಉಣ್ಣುವ ಪ್ರಾಣಿ. ಎಲೆಯಲ್ಲಿ ತನ್ನ ಆಹಾರ ತಾನು ಮಾಡಿಕೊಳ್ಳುತ್ತದೆ, ಆದರೆ ಬೇರಿನಿಂದ ಪಕ್ಕದ ಗಿಡದ ಬೇರನ್ನು ಕಚ್ಚಿ ನೀರು, ಲವಣ ಹೀರುತ್ತದೆ. ಇದನ್ನು 1871ರಲ್ಲಿ ಜಾನ್ ಸ್ಕಾಟ್ ಗುರುತಿಸಿದ್ದ. ಮದ್ರಾಸಿನ ಸರ್ಕಾರಿ ಸಸ್ಯಶಾಸ್ತ್ರಜ್ಞ ಬಾರ್ಬರ್ ಆ ಬೇರಿನ ಹೀರುಗುಂಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ವಿವರವಾಗಿ ಬರೆದಿದ್ದ. ಯಾವ ನೆರೆಯವನಿಂದ ಏನು ಹೀರಿ ಕಾಯಿಲೆ ಬಿದ್ದಿತೋ ಯಾರು ಬಲ್ಲರು? ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಮಾತ್ರ ವಾದಕ್ಕೆ ಇಳಿಯದೆ ರೋಗದ ರೆಂಬೆಯನ್ನು ಆರೋಗ್ಯದ ಗಿಡಕ್ಕೆ ಕಸಿ ಕಟ್ಟಿ ನೋಡಿದರು. ಗಿಡಕ್ಕೆ ರೋಗ ಬಂತು. ಇದು ಅಂಟುಜಾಡ್ಯ ಎಂದು 1917ರಲ್ಲಿ ಖಚಿತವಾಯಿತು. ಅಂಟಿಸುವವರು ಯಾರು?

ಈ ಪ್ರಶ್ನೆಯನ್ನು ಹೊತ್ತು ವಿಜ್ಞಾನ ಸಂಸ್ಥೆಯ ಎಂ. ಶ್ರೀನಿವಾಸಯ್ಯ ಮತ್ತು ಜೊತೆಗಾರರು ಬಂದದ್ದು ಉತ್ತರ ಸೇಲಂ ಅರಣ್ಯ ವಿಭಾಗಕ್ಕೆ. ಡೆಂಕಣಿಕೋಟೆ, ಜವಳಗಿರಿ, ಅಯ್ಯೂರು. ಇವತ್ತು ಆನೆ ದಾಟುವ ಸುದ್ದಿಗಷ್ಟೇ ಪತ್ರಿಕೆಯಲ್ಲಿ ಕಾಣುವ ಈ ಹೆಸರುಗಳು 1930ರ ದಶಕದ ವಿಜ್ಞಾನ ಪತ್ರಿಕೆಗಳಲ್ಲಿ ಪುಟಪುಟಕ್ಕೂ ಬರುತ್ತವೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಇನ್ನೊಂದು ಕಡೆಯಿಂದ ಹೊರಟರು. ಗಂಧದ ಮರದ ಮೇಲೆ ಕೂರುವ ಕೀಟಗಳನ್ನೆಲ್ಲ ಹಿಡಿಯೋಣ, ಅಪರಾಧಿ ಅವುಗಳಲ್ಲಿ ಒಬ್ಬನಾಗಿರಲೇಬೇಕು ಎಂಬುದು ಅವರ ಯೋಜನೆ. ಅಯ್ಯೂರು, ಜವಳಗಿರಿಗಳಲ್ಲಿ ಮರ ಬಡಿದು, ಬಲೆ ಬೀಸಿ, ಹಿಡಿದ ಹುಳಗಳನ್ನು ದೇಶವಿದೇಶದ ತಜ್ಞರಿಗೆ ಕಳಿಸಿದರು. ಜಿಗಿಹುಳು, ತಿಗಣೆ, ಜೀರುಂಡೆ, ಕಣಜ ಎಂದು ಒಂದೊಂದು ಕುಲಕ್ಕೂ ಒಂದೊಂದು ಸಂಚಿಕೆ ಬಂತು. ವಿಜ್ಞಾನಕ್ಕೆ ಹೊಸದಾದ ಎಷ್ಟೋ ಕೀಟಗಳ ಹುಟ್ಟೂರಿನ ಕಾಲಂನಲ್ಲಿ ಇಂದಿಗೂ ‘ಅಯ್ಯೂರು, ಉತ್ತರ ಸೇಲಂ’ ಎಂದು ಬರೆದಿದೆ. ಒಬ್ಬ ಕಳ್ಳನನ್ನು ಹುಡುಕಲು ಹೋಗಿ ಇಡೀ ಊರಿನ ಜನಗಣತಿ ಆಯಿತು. ಒಂದು ಕಾಡಿನ ಒಂದು ಮರದ ಮೇಲಿನ ಕೀಟಲೋಕವನ್ನು ಈ ಪರಿ ದಾಖಲಿಸಿದ ಇನ್ನೊಂದು ಉದಾಹರಣೆ ನಮ್ಮ ದೇಶದಲ್ಲಿ ನಾನು ಕಂಡಿಲ್ಲ.

1935ರಲ್ಲಿ ರಂಗಸ್ವಾಮಿ ಮತ್ತು ಶ್ರೀನಿವಾಸಯ್ಯ ಕೀಟದಿಂದ ರೋಗ ಹರಡುವುದನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಒಂದು ಜಿಗಿಹುಳುವಿನ ಹೆಸರು ಹಿಡಿದು ಹೇಳಿದರು. ಹುಳು ಹೊತ್ತು ತರುವ ವಸ್ತು ಯಾವುದು ಎಂಬುದು ತಿಳಿಯಲು 1969ರವರೆಗೆ ಕಾಯಬೇಕಾಯಿತು. ಆ ವರ್ಷ ಮೂರು ಬೇರೆಬೇರೆ ತಂಡಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡವು. ವೈರಸ್ ಅಲ್ಲ, ಕೋಶಭಿತ್ತಿಯಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾ. ಈಗ ಅದನ್ನು ಫೈಟೊಪ್ಲಾಸ್ಮಾ ಎನ್ನುತ್ತಾರೆ. ಟೆಟ್ರಾಸೈಕ್ಲಿನ್ ಔಷಧಿಯನ್ನು ಕಾಂಡಕ್ಕೆ ಉಣಿಸಿದರೆ ಮರ ಸ್ವಲ್ಪ ದಿನ ಚಿಗುರುತ್ತದೆ, ಮತ್ತೆ ಮಲಗುತ್ತದೆ. ಮದ್ದು ಇಂದಿಗೂ ಇಲ್ಲ. ಗಮನಿಸಿ: ಮನುಷ್ಯನ ಸೋಂಕಿಗೆ ಮದ್ದೆಂದು ಯುರೋಪು ನುಂಗಿದ ಎಣ್ಣೆಯನ್ನು ತನ್ನೊಳಗೇ ತುಂಬಿಕೊಂಡ ಮರ, ತನ್ನ ಸೋಂಕಿನಿಂದ ಸಾಯುತ್ತಿತ್ತು. ಎಣ್ಣೆ ಇರುವುದು ಚೇಗಿನಲ್ಲಿ. ರೋಗಾಣು ಓಡಾಡುವುದು ತೊಗಟೆಯಡಿಯ ಆಹಾರ ಸಾಗಿಸುವ ನಾಳಗಳಲ್ಲಿ. ಔಷಧಿ ಇದ್ದರೆ ಸಾಲದು, ಅದು ರೋಗ ಇರುವ ಜಾಗಕ್ಕೆ ತಲುಪಬೇಕು.

ಇವತ್ತು ಸುಗಂಧ ತೈಲದ ಮೇಲೆ ನಡೆಯುವ ಬಹುಪಾಲು ಸಂಶೋಧನೆ ಎಡವುವುದು ಈ ಜಾಗದಲ್ಲೇ. ಸೇಲಂ ಇರಲಿ, ಧಾರವಾಡ ಇರಲಿ, ಕಾಲೇಜಿನ ಸಣ್ಣ ಪ್ರಯೋಗಾಲಯದ ದಾರಿ ಒಂದೇ. ವಿದ್ಯಾರ್ಥಿ ಬೆಟ್ಟಕ್ಕೆ ಹೋಗಿ ಒಂದು ಚೀಲ ಎಲೆ ತರುತ್ತಾನೆ. ಕ್ಲೆವೆಂಜರ್ ಎಂಬ ಗಾಜಿನ ಉಪಕರಣದಲ್ಲಿ ಮೂರು ತಾಸು ಕುದಿಸಿ ನಾಲ್ಕು ಹನಿ ಎಣ್ಣೆ ಇಳಿಸುತ್ತಾನೆ. ಎಣ್ಣೆಯಲ್ಲಿ ಏನೇನಿದೆ ಎಂದು ಯಂತ್ರಕ್ಕೆ ಕೊಟ್ಟು ಪಟ್ಟಿ ಪಡೆಯುತ್ತಾನೆ. ಆಮೇಲೆ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಎಣ್ಣೆ ಅದ್ದಿದ ಕಾಗದದ ಬಿಲ್ಲೆ ಇಡುತ್ತಾನೆ. ಮಾರನೇ ದಿನ ಬಿಲ್ಲೆಯ ಸುತ್ತ ಬೋಳು ಉಂಗುರ ಕಂಡರೆ ಅದರ ಅಗಲ ಅಳೆದು ಬರೆಯುತ್ತಾನೆ. ಇನ್ನೊಂದು ಕಡೆ ಲೋಟಗಳಲ್ಲಿ ಡೆಂಗಿ ಸೊಳ್ಳೆಯ ಮರಿಹುಳುಗಳು. ಎಣ್ಣೆ ಬೆರೆಸಿ ಇಪ್ಪತ್ನಾಲ್ಕು ತಾಸಿಗೆ ಅರ್ಧದಷ್ಟು ಸಾಯಲು ಎಷ್ಟು ಪ್ರಮಾಣ ಬೇಕು ಎಂಬ ಲೆಕ್ಕ.

ಇದರಲ್ಲಿ ಸುಳ್ಳೇನೂ ಇಲ್ಲ. ಹುಡುಗರ ಶ್ರಮವನ್ನು ನಾನು ಹಗುರ ಮಾಡುವುದೂ ಇಲ್ಲ. ಆದರೆ ತಟ್ಟೆಯಲ್ಲಿ ಬೋಳು ಉಂಗುರ ಮೂಡಿಸುವ ಪ್ರಮಾಣವನ್ನು ಮನುಷ್ಯನ ರಕ್ತದಲ್ಲಿ ತುಂಬಲು ಹೊರಟರೆ ಬ್ಯಾಕ್ಟೀರಿಯಾಕ್ಕಿಂತ ಮೊದಲು ಮನುಷ್ಯ ಹೋಗುತ್ತಾನೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಗಾಳಿಗೆ ಆರುತ್ತದೆ. ಅದೇ ಗಿಡದ ಎಲೆಯನ್ನು ಮಳೆಗಾಲದಲ್ಲಿ ಕೊಯ್ದರೆ ಒಂದು ಪಟ್ಟಿ, ಬೇಸಿಗೆಯಲ್ಲಿ ಕೊಯ್ದರೆ ಇನ್ನೊಂದು. ಯೆರ್ಕಾಡಿನ ಗಿಡಕ್ಕೂ ಕೆಳಗೆ ಸೇಲಂ ಬಯಲಿನ ಗಿಡಕ್ಕೂ ಹೋಲಿಕೆ ಇರಬೇಕೆಂದೇನೂ ಇಲ್ಲ. ಇಷ್ಟೆಲ್ಲದರ ನಡುವೆ ‘ಇದು ಹೊಸ ಔಷಧಿಗೆ ದಾರಿಯಾಗಬಹುದು’ ಎಂಬ ಕೊನೆಯ ವಾಕ್ಯ ಮಾತ್ರ ಯಾವ ಪ್ರಬಂಧದಲ್ಲೂ ತಪ್ಪುವುದಿಲ್ಲ.

ಗಂಧದೆಣ್ಣೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಗಟ್ಟಿ ಕೆಲಸ ನಡೆದಿದೆ. ಜಪಾನಿನವರು 1995ರಲ್ಲಿ ಸ್ಯಾಂಟಲಾಲ್ ಕೊಟ್ಟ ಇಲಿಗಳು ಮಂಕಾಗಿ ಶಾಂತವಾಗುವುದನ್ನು ತೋರಿಸಿದರು. ಅಮೆರಿಕದ ಸೌತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚಂದ್ರಧರ ದ್ವಿವೇದಿ ಮತ್ತು ಸಂಗಡಿಗರು 1997ರಿಂದ ಇಲಿಗಳ ಚರ್ಮಕ್ಕೆ ಗಂಧದೆಣ್ಣೆ ಸವರಿ, ರಾಸಾಯನಿಕದಿಂದ ಏಳುವ ಗಂಟುಗಳು ಕಡಿಮೆಯಾಗುವುದನ್ನು ಕಂಡರು. 2014ರಲ್ಲಿ ಜರ್ಮನಿಯ ಬೋಕುಮ್‌ನಲ್ಲಿ ಹಾನ್ಸ್ ಹಾಟ್ ಅವರ ತಂಡ ಬೆರಗಿನ ಸುದ್ದಿ ಕೊಟ್ಟಿತು. ಮೂಗಿನಲ್ಲಿ ವಾಸನೆ ಹಿಡಿಯುವಂಥ ಗ್ರಾಹಕವೊಂದು ನಮ್ಮ ಚರ್ಮದ ಕೋಶಗಳಲ್ಲೂ ಇದೆ, ಗಂಧದ ಪರಿಮಳದ ಅಣು ತಾಗಿದರೆ ಅದು ಎಚ್ಚರಗೊಂಡು ಗಾಯ ಮಾಯುವ ಕೆಲಸ ಚುರುಕಾಗುತ್ತದೆ ಎಂದು. ‘ಹಣೆಗೆ ಗಂಧ ಇಡುವುದರ ವೈಜ್ಞಾನಿಕ ರಹಸ್ಯ’ ಎಂದು ಕುಣಿಯುವ ಮುನ್ನ ಇನ್ನೊಂದು ಸಾಲು ಓದಿ: ಅವರು ಬಳಸಿದ ‘ಸ್ಯಾಂಡಲೋರ್’ ಕಾರ್ಖಾನೆಯಲ್ಲಿ ಮಾಡಿದ ಕೃತಕ ವಸ್ತು. ಗಂಧದ ವಾಸನೆ ಅದಕ್ಕಿದೆ, ಗಂಧದ ಮರದ ನಂಟು ಇಲ್ಲ.

ನಮಗೆ ಹತ್ತಿರದ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಅಧ್ಯಯನ ಬೇರೆಯದೇ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರ ನೇತೃತ್ವದಲ್ಲಿ ನಾಲ್ಕು ವರ್ಷ ನಡೆದು 2021ರಲ್ಲಿ ಪ್ರಕಟವಾದದ್ದು. ಫಿಟ್ಸ್ ಬಂದು ಆಸ್ಪತ್ರೆ ಸೇರಿದ 350 ವಯಸ್ಕರನ್ನು ಕೂರಿಸಿ, ಅದಕ್ಕೂ ಮೊದಲು ಏನು ಮೂಸಿದಿರಿ, ಏನು ಹಚ್ಚಿಕೊಂಡಿರಿ ಎಂದು ವಿಚಾರಿಸಿದರು. 55 ಮಂದಿಯಲ್ಲಿ ಸುಗಂಧ ತೈಲದ ಜಾಡು ಸಿಕ್ಕಿತು. ತೈಲ ಯಾವುದು? ನಮ್ಮ ಮನೆಮನೆಯ ನೀಲಗಿರಿ ಎಣ್ಣೆ ಮತ್ತು ಕರ್ಪೂರ. ತಲೆನೋವಿನ ಮುಲಾಮಿನಲ್ಲಿ, ನೆಗಡಿಯ ಹಬೆಯಲ್ಲಿ, ನೋವಿನೆಣ್ಣೆಯಲ್ಲಿ ಇರುವಂಥವು. ಯಾರೂ ವೈದ್ಯರ ಮುಂದೆ ಹೇಳುತ್ತಿರಲಿಲ್ಲ, ವೈದ್ಯರೂ ಕೇಳುತ್ತಿರಲಿಲ್ಲ. ಗಿಡದ ಎಣ್ಣೆಗೆ ಒಡಲಿನ ಮೇಲೆ ಪರಿಣಾಮವಿದೆ ಎಂದು ನಂಬುವವರು ಕೆಟ್ಟ ಪರಿಣಾಮವನ್ನೂ ನಂಬಬೇಕಲ್ಲವೆ? ಮಗುವಿನ ಮೂಗಿನ ಹತ್ತಿರ ಕರ್ಪೂರ ಹಿಡಿಯುವ ಅಭ್ಯಾಸ ಇದ್ದವರು ದಯವಿಟ್ಟು ಇಂದೇ ಬಿಡಿ.

ಇಷ್ಟನ್ನು ಹೇಳಿ ಲೇಖನ ಮುಗಿಸಬಹುದಿತ್ತು, ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಎಂಬ ಊರು ಇರದಿದ್ದರೆ.

ಚಿತ್ತೇರಿ ಬೆಟ್ಟದ ಬುಡದಲ್ಲಿರುವ ಆ ಊರು ಮಲೆಯಾಳಿ ಎಂಬ ಗಿರಿಜನರದ್ದು. ಬೆಟ್ಟದಲ್ಲಿ ಗಂಧವಿತ್ತು. ತಮಿಳುನಾಡು ಅರಣ್ಯ ಇಲಾಖೆಯ ಗಂಧದ ಕೋಠಿಗಳಲ್ಲೊಂದು ಸೇಲಂನಲ್ಲಿದೆ. ಕಾನೂನಿನ ಗಂಧ ಅಲ್ಲಿಗೆ ಹೋಗುತ್ತಿತ್ತು, ಕಳ್ಳಗಂಧ ಎಲ್ಲೆಲ್ಲಿಗೋ ಹೋಗುತ್ತಿತ್ತು. ಕಡಿದು ಹೊತ್ತವರಿಗೆ ಕೂಲಿ, ಕೊಂಡವರಿಗೆ ಲಾಭ. 1992ರ ಜೂನ್ 20ರಂದು ಕದ್ದ ಗಂಧ ಹುಡುಕುವ ನೆಪದಲ್ಲಿ ಅರಣ್ಯ ಇಲಾಖೆ, ಪೊಲೀಸ್, ಕಂದಾಯದ 269 ಮಂದಿ ಊರಿಗೆ ನುಗ್ಗಿದರು. ಮನೆಗಳನ್ನು ಒಡೆದರು, ದನಕರುಗಳನ್ನು ಕೊಂದರು, ಜನರನ್ನು ಹೊಡೆದು ಜೈಲಿಗೆ ಹಾಕಿದರು. ಹದಿನೆಂಟು ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಮೊದಮೊದಲು ದೂರನ್ನೇ ನಂಬಿದವರಿಲ್ಲ. ಎಡಪಕ್ಷದವರು, ಗಿರಿಜನ ಸಂಘದವರು ಬೆನ್ನಿಗೆ ನಿಂತು, ಸಿಬಿಐ ತನಿಖೆಯಾಗಿ, ವಿಚಾರಣೆ ಎಳೆಎಳೆದು, 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆರೋಪಿಗಳಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಯೂ ಅಪರಾಧಿಗಳು. ಸರಿಯಾಗಿ ಹನ್ನೆರಡು ವರ್ಷದ ಮೇಲೆ, 2023ರ ಅದೇ ತಾರೀಕಿನಂದು, ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದು ಸಂತ್ರಸ್ತೆಯರಿಗೆ ತಲಾ ಹತ್ತು ಲಕ್ಷ ಪರಿಹಾರ ಕೊಡಿ ಎಂದಿತು.

ಅದೇ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ 2004ರ ಅಕ್ಟೋಬರ್ 18ರ ರಾತ್ರಿ ವೀರಪ್ಪನ್ ಸತ್ತ. ಅವನ ಬಗ್ಗೆ ಸಿನಿಮಾ, ಪುಸ್ತಕ, ಧಾರಾವಾಹಿ ಎಲ್ಲ ಬಂದಿವೆ. ಗೋಪಿನಾಥಂನ ಆ ಮೀಸೆ ಗೊತ್ತಿಲ್ಲದ ಕನ್ನಡಿಗರಿಲ್ಲ. ವಾಚಾತಿ ಗೊತ್ತಿರುವವರು ಎಷ್ಟು ಮಂದಿ?

ಗಂಧದೆಣ್ಣೆಯ ಜೈವಿಕ ಪರಿಣಾಮ ಎಂಬ ಶೀರ್ಷಿಕೆಯಡಿ ವಾಚಾತಿಯನ್ನು ಯಾವ ವಿಜ್ಞಾನ ಪತ್ರಿಕೆಯೂ ಸೇರಿಸುವುದಿಲ್ಲ. ಆದರೆ ಒಂದು ಎಣ್ಣೆಗೆ ಬೆಲೆ ಹುಟ್ಟಿದ್ದು ಅದರ ಗುಣದ ಮಾತಿನಿಂದ. ಮೊದಲು ದೇವರ ಹೆಸರಿನಲ್ಲಿ, ಆಮೇಲೆ ಔಷಧಿಯ ಹೆಸರಿನಲ್ಲಿ, ಕೊನೆಗೆ ಅತ್ತರಿನ ಹೆಸರಿನಲ್ಲಿ. ಆ ಬೆಲೆಯನ್ನು ಮರದ ಬುಡದಲ್ಲಿ ಬದುಕುವವರು ತೆತ್ತರು. ಮರ ಅವರದ್ದಾಗಿದ್ದರೆ ಕಾಯುತ್ತಿದ್ದರೋ ಏನೋ. ಸರ್ಕಾರದ್ದು ಎಂದ ಮೇಲೆ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿ ರೈತನಿಗೆ ಪೀಡೆಯಾಯಿತು. ಬೆಳೆಯಲು ಬಿಟ್ಟರೆ ಇಲಾಖೆಯ ಕಣ್ಣು, ಕಳುವಾದರೆ ತನ್ನ ಮೇಲೇ ಅನುಮಾನ. ಚಿಗುರಿನಲ್ಲೇ ಚಿವುಟಿ ಹಾಕುವುದು ಬುದ್ಧಿವಂತಿಕೆ ಎನಿಸಿತು. 1998ರಲ್ಲಿ ಜಾಗತಿಕ ಕೆಂಪುಪಟ್ಟಿ ಶ್ರೀಗಂಧವನ್ನು ಅಪಾಯಕ್ಕೆ ಸಿಲುಕಿದ ಜಾತಿ ಎಂದು ಬರೆದಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ವಿಜ್ಞಾನ ಅಷ್ಟಕ್ಕೇ ನಿಂತಿಲ್ಲ. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯವರು ಸಸಿ ಮಾಡುವ, ರೋಗ ಪತ್ತೆ ಮಾಡುವ ಕೆಲಸವನ್ನು ದಶಕಗಳಿಂದ ಬಿಡದೆ ಮಾಡುತ್ತಿದ್ದಾರೆ. ಬೆಂಗಳೂರಿನ ವಿಜ್ಞಾನಿಗಳ ತಂಡ 2018ರಲ್ಲಿ ಶ್ರೀಗಂಧದ ಇಡೀ ಜೀನೋಮ್ ಓದಿ ಪ್ರಕಟಿಸಿತು. ಕೆನಡಾದ ವ್ಯಾಂಕೂವರಿನಲ್ಲಿ ಯೋರ್ಗ್ ಬೋಲ್ಮನ್ ಅವರ ಪ್ರಯೋಗಾಲಯ ಮರ ಸ್ಯಾಂಟಲಾಲ್ ಮಾಡುವ ಕಿಣ್ವಗಳನ್ನು ಒಂದೊಂದಾಗಿ ಬಿಡಿಸಿತು. ಈಗ ಕಂಪನಿಗಳು ಸೂಕ್ಷ್ಮಜೀವಿಗೆ ಸಕ್ಕರೆ ಉಣಿಸಿ ಪೀಪಾಯಿಯಲ್ಲೇ ಸ್ಯಾಂಟಲಾಲ್ ಹುದುಗಿಸುತ್ತಿವೆ. ಆಸ್ಟ್ರೇಲಿಯಾದ ಕುನುನುರ್ರದಲ್ಲಿ ನಮ್ಮದೇ ಜಾತಿಯ ಗಂಧ ನೀರಾವರಿಯ ಸಾಲುತೋಪುಗಳಲ್ಲಿ ನಿಂತಿದೆ. ವೀರಪ್ಪನ್ ಆಗಲಿ, ಫಾರೆಸ್ಟರ್ ಆಗಲಿ ಇಲ್ಲದ ಗಂಧ!

ಇತ್ತ ಕಾನೂನು ಬದಲಾದದ್ದು ತಡವಾಗಿ. ಕರ್ನಾಟಕ 2001ರಲ್ಲಿ, ತಮಿಳುನಾಡು 2002ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನಲ್ಲಿರುವ ಗಂಧದ ಮರ ಜಮೀನಿನವನದ್ದೇ ಎಂದು ಒಪ್ಪಿಕೊಂಡವು. ಅಲ್ಲಿಂದ ಮೈಸೂರು ಸೀಮೆಯಲ್ಲೂ ಗಡಿಯಾಚೆಯೂ ರೈತರು ಗಂಧ ನೆಡುತ್ತಿದ್ದಾರೆ. ನರ್ಸರಿಯ ಚೀಲದಲ್ಲೇ ಪಕ್ಕದಲ್ಲಿ ಒಂದು ತೊಗರಿ ಗಿಡ ಹಾಕಿ, ಬೇರು ಕಚ್ಚಿಕೊಳ್ಳಲು ಜೊತೆ ಮಾಡಿಕೊಡುತ್ತಾರೆ. ಹೊಲದಲ್ಲಿ ಸರ್ವೆಯೋ ಅಗಸೆಯೋ ನೆರೆಗಿರುತ್ತದೆ. ಹೊಸ ಕಾನೂನು ಬಂದ ವರ್ಷ ನೆಟ್ಟ ಗಿಡಕ್ಕೆ ಈಗ ಇಪ್ಪತ್ತು ದಾಟಿದೆ. ಚೇಗು ಕೂಡಿಕೊಳ್ಳುತ್ತಿರುವ ವಯಸ್ಸು. ಎಷ್ಟು ಕೂಡಿದೆ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ, ಕೊರೆದೇ ನೋಡಬೇಕು. ಮರ ರೈತನದ್ದು. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.